ಎರಡನೇ ಬಿರುಕು

ಆಟಿ ತಿಂಗಳ ಒಂದು ಬೆಳಗ್ಗೆ. ಮಳೆ ಸ್ವಲ್ಪ ಹೊತ್ತು ಬಿಟ್ಟಿತ್ತು. ಮಳೆ ಬಿಟ್ಟ ಕೂಡಲೇ ನಮ್ಮಲ್ಲಿ ಎಲ್ಲ ತೋಟಗಳಲ್ಲೂ ಅಡಕೆಗೆ ಮದ್ದು ಬಿಡುವ ಗಡಿಬಿಡಿ. ನನ್ನ ಕ್ಲಿನಿಕ್ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ. ಈ ದಿನಗಳಲ್ಲಿ ಹೊರಗೆ ರಿಕ್ಷಾ ಬಂದು ನಿಂತು, ಒಳಗಿನಿಂದ ಯಾರೂ ತಾವಾಗಿ ಇಳಿಯದಿದ್ದರೆ ನನಗೆ ಅರ್ಧ ಕತೆ ಗೊತ್ತಾಗಿಬಿಡುತ್ತದೆ.

ಅವರನ್ನು ಇಬ್ಬರು ಹೆಗಲು ಕೊಟ್ಟು ಇಳಿಸಿದರು. ಅಂಗಿ, ಲುಂಗಿ, ಕೈಯ ಉಗುರು ಎಲ್ಲ ಮೈಲುತುತ್ತಿನ ನೀಲಿ. ಬಲಗಾಲನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ.

"ಎಂತ ಆಯ್ತು?"

"ತಳೆ ಜಾರಿತು ಡಾಕ್ಟ್ರೇ. ಇಳಿಯುವಾಗಲೇ. ಎರಡಾಳು ಎತ್ತರ ಇದ್ದೀತು ಅಷ್ಟೆ. ಕಾಲೂರಿಯೇ ಬಿದ್ದದ್ದು, ದೇವರು ದೊಡ್ಡವ."

ತಳೆ ಅಂದರೆ ಅಡಕೆ ಮರ ಹತ್ತಲು ಕಾಲಿಗೆ ಹಾಕುವ ಹಗ್ಗದ ಬಳೆ. ಹಿಮ್ಮಡಿ ಬಾತು ಎರಡು ಪಾಲಾಗಿತ್ತು. ರಸ್ತೆಯಾಚೆ ಎಕ್ಸ್‌ರೇ ಸೆಂಟರ್ ಉಂಟು. ಕಾಲು ಗಂಟಿಂದ ಪೂರ್ತಿ ಪಾದದವರೆಗೆ ತೆಗೆಸಿದೆ. ಫಿಲ್ಮು ಬಂತು, ವ್ಯೂ ಬಾಕ್ಸಿಗೆ ಸಿಕ್ಕಿಸಿದೆ, ಬೆಳಕು ಹಾಕಿದೆ. ಹುಡುಕಬೇಕಾಗಿಯೇ ಇರಲಿಲ್ಲ.

ಹಿಮ್ಮಡಿಯ ಎಲುಬನ್ನು ಬದಿಯಿಂದ ನೋಡಿದರೆ ಅದರ ಮೇಲಂಚು ಮನೆಯ ಮಾಡಿನ ಹಾಗೆ. ನಡುವೆ ಎತ್ತರ, ಹಿಂದಕ್ಕೂ ಮುಂದಕ್ಕೂ ಇಳಿಜಾರು. ಆ ಎರಡು ಇಳಿಜಾರಿಗೆ ಎರಡು ಗೆರೆ ಎಳೆದು, ಅವು ಸೇರುವಲ್ಲಿ ಕೋನ ಅಳೆಯುತ್ತಾರೆ. ವಿಯೆನ್ನಾದ ಲೊರೆನ್ಸ್ ಬೋಲರ್ ಎಂಬ ಸರ್ಜನ್ ಹೆಸರಿನ ಕೋನ ಅದು. ಸರಿಯಿದ್ದವರಲ್ಲಿ 20ರಿಂದ 40 ಡಿಗ್ರಿ. ಈ ಎಲುಬು ಒಳಗೆ ರಸ್ಕಿನ ಹಾಗೆ ತೂತು ತೂತು, ಮೇಲಿಂದ ಮೈಯ ಭಾರವೆಲ್ಲ ಒಮ್ಮೆಗೇ ಬಿದ್ದರೆ ಮಾಡು ಕುಸಿಯುತ್ತದೆ. ಇವರದು ಕುಸಿದು ಹೆಚ್ಚುಕಮ್ಮಿ ಚಪ್ಪಟೆಯಾಗಿತ್ತು.

ನನಗೆ ಖುಷಿಯಾಯಿತು ಅಂತ ಬರೆಯಲು ನಾಚಿಕೆ. ಆದರೆ ಆದದ್ದು ಹಾಗೆಯೇ. ಕ್ಲಿನಿಕ್‌ನಲ್ಲಿ ಆಗ ಒಬ್ಬಳು ಎಳೆಯ ಡಾಕ್ಟರ್ ಕಲಿಯಲು ಬರುತ್ತಿದ್ದಳು. ಅವಳನ್ನು ಕರೆದು, ಪೆನ್ಸಿಲ್ ಹಿಡಿದು, ಗೆರೆ ಎಳೆದು, ಕೋನ ತೋರಿಸಿ ಐದು ನಿಮಿಷ ಪಾಠ ಮಾಡಿದೆ. ಹಿಮ್ಮಡಿಗೆ ದಪ್ಪ ಹತ್ತಿ ಸುತ್ತಿ ಕಟ್ಟಿ, ಕಾಲು ಎತ್ತರದಲ್ಲಿಡಲು ಹೇಳಿ, ಮಂಗಳೂರಿನ ಎಲುಬು ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಬಾಗಿಲು ದಾಟುವಾಗ ಅವರು ಹೇಳಿದರು: "ಬೆನ್ನು ಸ್ವಲ್ಪ ಹಿಡಿದ ಹಾಗೆ ಉಂಟು ಡಾಕ್ಟ್ರೇ."

"ಬಿದ್ದದ್ದಲ್ವಾ, ಇರುತ್ತದೆ" ಅಂದೆ.

ಮೂರನೆಯ ದಿನ ಮಂಗಳೂರಿನಿಂದ ಫೋನ್. ಸೊಂಟದ ಮೊದಲನೇ ಕಶೇರು, ಅಂದರೆ ಬೆನ್ನೆಲುಬಿನ ಒಂದು ಮಣಿ, ಮುಂಭಾಗದಲ್ಲಿ ಜಜ್ಜಿಹೋಗಿದೆ. ಬೆನ್ನುಹುರಿಗೆ ಏನೂ ಆಗಿಲ್ಲ, ಪುಣ್ಯ. ಆದರೆ ಆ ಬೆನ್ನಲ್ಲಿ ಅವರನ್ನು ನಾನು ರಿಕ್ಷಾದಲ್ಲಿ ಕೂರಿಸಿ ಮನೆಗೆ ಕಳಿಸಿದ್ದೆ. ಆಟಿ ತಿಂಗಳಲ್ಲಿ ನಮ್ಮ ಒಳದಾರಿಗಳು ಹೇಗಿರುತ್ತವೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಎತ್ತರದಿಂದ ಕಾಲೂರಿ ಬಿದ್ದು ಹಿಮ್ಮಡಿ ಮುರಿದುಕೊಂಡವರಲ್ಲಿ 100ಕ್ಕೆ ಸುಮಾರು 10 ಮಂದಿಗೆ ಬೆನ್ನೆಲುಬಿಗೂ ಪೆಟ್ಟಾಗಿರುತ್ತದೆ. ಇದು ಪಠ್ಯಪುಸ್ತಕದಲ್ಲಿ ಇದೆ. ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ನಿದ್ದೆಯಲ್ಲೂ ಬರೆಯುತ್ತಿದ್ದೆ. ಹಿಮ್ಮಡಿಯಲ್ಲಿ ನಿಂತ ಹೊಡೆತ ಅಲ್ಲೇ ಮುಗಿಯುವುದಿಲ್ಲ. ಕಾಲಲ್ಲಿ ಏರಿ, ಸೊಂಟ ದಾಟಿ, ಬೆನ್ನು ಬಾಗುವ ಜಾಗಕ್ಕೆ ಹೋಗಿ ತಾಗುತ್ತದೆ. ಆದರೆ ನನ್ನ ಕಣ್ಣಿಗೆ ಅಷ್ಟು ಚಂದದ ಒಂದು ಮುರಿತ ಸಿಕ್ಕಿಬಿಟ್ಟಿತ್ತಲ್ಲ. ಸಿಕ್ಕಿದ ಮೇಲೆ ಮನಸ್ಸು ಚಾಪೆ ಮಡಚಿಬಿಡುತ್ತದೆ. ಎಕ್ಸ್‌ರೇ ಓದುವವರಲ್ಲಿ ಒಂದು ಹಳೇ ಮಾತಿದೆ: ಎಲ್ಲಕ್ಕಿಂತ ಜಾಸ್ತಿ ತಪ್ಪಿಹೋಗುವ ಮುರಿತ ಯಾವುದು ಅಂದರೆ ಎರಡನೆಯದು.

ಬೆನ್ನಿನ ಫಿಲ್ಮು ಯಾಕೆ ತೆಗೆಸಲಿಲ್ಲ ಅಂತ ಆಮೇಲೆ ನನ್ನನ್ನೇ ಕೇಳಿಕೊಂಡಾಗ ಒಂದು ನೆವ ರೆಡಿ ಇತ್ತು. ಕೈಕಾಲಿನ ಎಕ್ಸ್‌ರೇಯಲ್ಲಿ ಮೈಗೆ ಬೀಳುವ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ಸುಮ್ನೆ ಅಂಗಳದಲ್ಲಿ ಕೂತರೂ ಮಣ್ಣಿನಿಂದ, ಆಕಾಶದಿಂದ ಕೆಲವೇ ಗಂಟೆಗಳಲ್ಲಿ ಅಷ್ಟು ಬೀಳುತ್ತದೆ. ಸೊಂಟದ ಎಕ್ಸ್‌ರೇ ಹಾಗಲ್ಲ, ಅದಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ. ಹಾಗಾಗಿ ಸುಮ್ನೆ ಯಾಕೆ ಅಂತ. ಆದರೆ ಇದು ನೆವ ಮಾತ್ರ. ಬೆನ್ನಿನ ಮೇಲೆ ಒಂದು ಸಲ ಬೆರಳು ಒತ್ತಿ ನೋಡಲಿಕ್ಕೆ ವಿಕಿರಣ ಬೇಕಾ?

*

ನನಗೆ ಫಿಲ್ಮು ನೋಡಲು ಕಲಿಸಿದವರು ಪ್ರೊಫೆಸರು ಅಲ್ಲ. ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಪಾಳಿಯಲ್ಲಿ ಇರುತ್ತಿದ್ದ ಒಬ್ಬರು ಎಕ್ಸ್‌ರೇ ಟೆಕ್ನೀಶಿಯನ್. ನಮ್ಮ ಕಡೆಯವರೇ, ಮುಳ್ಳೇರಿಯ ಆಚೆ ಅವರ ಮನೆ. ಎಲ್ಲರೂ ಅವರನ್ನು ಎಕ್ಸ್‌ರೇ ಅಣ್ಣ ಅಂತಲೇ ಕರೆಯುತ್ತಿದ್ದರು. ಆಗ ಡಿಜಿಟಲ್ ಇರಲಿಲ್ಲ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ, ಡೆವಲಪರ್ ತೊಟ್ಟಿ, ಫಿಕ್ಸರಿನ ಹುಳಿ ವಾಸನೆ. ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದಲ್ಲ, ಹಾಗಾಗಿ ಹಳೇ ಫಿಲ್ಮು ಕೇಳಿಕೊಂಡು ಗುಜರಿಯವರು ಬರುತ್ತಿದ್ದರು.

ಫಿಲ್ಮು ಇನ್ನೂ ಒದ್ದೆ ಇರುವಾಗಲೇ ಅಣ್ಣ ಅದನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬೆಳಕಿನೆದುರು ಹಿಡಿಯುತ್ತಿದ್ದರು. ನಾವು ಎಳೆಯರು, ಮುರಿತ ಕಂಡ ಕೂಡಲೇ ಬೆರಳು ತೋರಿಸುತ್ತಿದ್ದೆವು. ಅವರು ನಮ್ಮ ಬೆರಳ ಮೇಲೆ ತಮ್ಮ ದಪ್ಪ ಹೆಬ್ಬೆರಳಿಟ್ಟು ಆ ಜಾಗವನ್ನೇ ಮುಚ್ಚಿಬಿಡುತ್ತಿದ್ದರು. "ಇದು ಇಲ್ಲ ಅಂತ ತಿಳ್ಕೊಳ್ಳಿ ಡಾಕ್ಟ್ರೇ. ಇನ್ನು ನೋಡಿ."

ಇನ್ನು ನೋಡಿ. ಅಂದರೆ ಎಲುಬುಗಳು ಒಂದರ ಮುಂದೊಂದು ಸಾಲಾಗಿ ಕೂತಿವೆಯಾ. ಪ್ರತಿ ಎಲುಬಿನ ಅಂಚಿನ ಮೇಲೆ ಕಣ್ಣು ಓಡಿಸುತ್ತಾ ಹೋದರೆ ಎಲ್ಲಾದರೂ ಎಡವುತ್ತದಾ. ಗಂಟುಗಳ ನಡುವಿನ ಸಂದು ಸಮ ಉಂಟಾ. ಕೊನೆಗೆ ಎಲುಬು ಬಿಟ್ಟು ಸುತ್ತಲಿನ ಬೂದು ಬಣ್ಣದ ಮಾಂಸ. ಈ ಕೊನೆಯದನ್ನು ಯಾರೂ ನೋಡುವುದಿಲ್ಲ. ಎಲುಬಿನ ಫಿಲ್ಮು ಅಲ್ವಾ ಅಂತ.

ಅವರು ಹೇಳಿದ್ದು ನನಗೆ ಹೊಸದಾಗಿ ಕೇಳಿಸಲಿಲ್ಲ. ಚಿಕ್ಕವನಿರುವಾಗ ಬಿದ್ದ ಅಡಕೆ ಹೆಕ್ಕುವುದು ನಮ್ಮ ಕೆಲಸ. ಒಂದು ಸಾಲು ಪೂರ್ತಿ ಹೆಕ್ಕಿ, ಬುಟ್ಟಿ ತಂದು ಅಜ್ಜಿಯ ಎದುರು ಇಟ್ಟರೆ ಅಜ್ಜಿ ಬುಟ್ಟಿ ನೋಡುತ್ತಲೇ ಇರಲಿಲ್ಲ. "ಈಗ ಆಚೆ ಕೊಡಿಯಿಂದ ಬಾ" ಅನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು. ಆದರೆ ಅದೇ ಸಾಲಿನಲ್ಲಿ ತಿರುಗಿ ಬಂದರೆ ಏಳೆಂಟು ಅಡಕೆ ಸಿಕ್ಕೇ ಸಿಗುತ್ತಿತ್ತು. ಹೋಗುವಾಗ ಎಲೆಯ ಮರೆಯಲ್ಲಿದ್ದದ್ದು ಬರುವಾಗ ಎದುರಿಗೇ ಕೂತಿರುತ್ತಿತ್ತು.

*

ಎಕ್ಸ್‌ರೇ ಅಂದರೆ ನೆರಳು. ಫೋಟೋ ಅಲ್ಲ. ಇದು ಒಂದು ಸಲ ತಲೆಗೆ ಹೋದರೆ ಉಳಿದದ್ದು ಸುಲಭ. ಕಿರಣ ಮೈಯೊಳಗೆ ನುಗ್ಗಿ ಆಚೆ ಬರುವಾಗ ಯಾವುದು ಅದನ್ನು ಎಷ್ಟು ತಡೆಯಿತು ಅನ್ನುವುದೇ ಚಿತ್ರ. ಗಾಳಿ ತಡೆಯುವುದೇ ಇಲ್ಲ, ಅದು ಕಡುಕಪ್ಪು. ಕೊಬ್ಬು ಸ್ವಲ್ಪ ತಡೆಯುತ್ತದೆ. ಮಾಂಸ, ರಕ್ತ, ನೀರು ಇನ್ನಷ್ಟು. ಎಲುಬಿನ ಸುಣ್ಣ ಚೆನ್ನಾಗಿಯೇ ತಡೆಯುತ್ತದೆ. ಲೋಹ ಪೂರ್ತಿ ಬಿಳಿ. ಒಟ್ಟು ಈ ಐದೇ ಬಣ್ಣ. ಇಷ್ಟರಲ್ಲೇ ಎಲ್ಲ ಓದಬೇಕು. ಉಡಿದಾರದ ತಾಯತ ತೆಗೆಯದೆ ಸೊಂಟದ ಎಕ್ಸ್‌ರೇ ತೆಗೆಸಿದವರ ಫಿಲ್ಮಿನಲ್ಲಿ ಗುಂಡು ಹೊಡೆದ ಹಾಗೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಜಡೆ ಬದಿಗೆ ಸರಿಸದಿದ್ದರೆ ಹೆಗಲಿನ ಎಲುಬಿನ ಮೇಲೆ ಹೆಣಿಗೆಯ ನೆರಳು ಬಿದ್ದು ಎಂತದೋ ರೋಗದ ಹಾಗೆ ಹೆದರಿಸುತ್ತದೆ.

ನೆರಳಿಗೆ ದಪ್ಪ ಇಲ್ಲ. ಅಡಕೆ ಹಾಳೆಯನ್ನು ಬಿಸಿಲಿಗೆ ಅಡ್ಡ ಹಿಡಿದರೆ ನೆಲದ ಮೇಲೆ ಇಷ್ಟಗಲ ನೆರಳು. ಅಂಚು ಮಾಡಿ ಹಿಡಿದರೆ ಒಂದು ಕಡ್ಡಿ. ಎರಡೂ ಅದೇ ಹಾಳೆ. ಹಾಗಾಗಿಯೇ ಎಲುಬಿಗೆ ಒಂದು ಫಿಲ್ಮು ಸಾಲದು, ಎದುರಿನಿಂದ ಒಂದು, ಬದಿಯಿಂದ ಒಂದು ಬೇಕೇ ಬೇಕು. ದುಡ್ಡು ಉಳಿಸಲಿಕ್ಕೆ "ಒಂದೇ ಸಾಕು" ಅನ್ನುವವರು ಇದ್ದಾರೆ. ಹೆಗಲು ಹಿಂದಕ್ಕೆ ಜಾರಿದ್ದರೆ ಎದುರಿನ ಫಿಲ್ಮಿನಲ್ಲಿ ಎಲ್ಲ ಸರಿಯೇ ಇದ್ದ ಹಾಗೆ ಕಾಣುತ್ತದೆ. ತೋಳಿನ ಎಲುಬಿನ ತಲೆ ಮಾತ್ರ ಸ್ವಲ್ಪ ಜಾಸ್ತಿಯೇ ಗುಂಡಗೆ, ಕರೆಂಟಿನ ಬಲ್ಬಿನ ಹಾಗೆ. ಫಿಟ್ಸ್ ಬಂದವರಲ್ಲಿ, ಶಾಕ್ ಹೊಡೆದವರಲ್ಲಿ ಇದು ಆಗುತ್ತದೆ. ತೋಟದ ಪಂಪ್‌ಸೆಟ್ಟಿನಲ್ಲಿ ಶಾಕ್ ಹೊಡೆಸಿಕೊಂಡವರು "ಕೈ ತಿರುಗುವುದಿಲ್ಲ" ಅಂದರೆ ನಾನು ಈಗ ಬದಿಯ ಫಿಲ್ಮು ಇಲ್ಲದೆ ಬಾಯಿ ಬಿಡುವುದಿಲ್ಲ.

ಈ ನೆರಳನ್ನು ಮೊದಲು ಕಂಡವರು ಜರ್ಮನಿಯ ವೂರ್ಟ್ಸ್‌ಬರ್ಗಿನ ವಿಲ್ಹೆಲ್ಮ್ ರಾಂಟ್ಜನ್. 1895ರ ನವೆಂಬರ್ 8ರಂದು. ಆ ಡಿಸೆಂಬರಿನಲ್ಲೇ ಹೆಂಡತಿಯ ಕೈಯನ್ನು ತಟ್ಟೆಯ ಮೇಲಿಟ್ಟು ತೆಗೆದ ಚಿತ್ರದಲ್ಲಿ ಬೆರಳ ಎಲುಬುಗಳು, ಒಂದು ಬೆರಳಲ್ಲಿ ಉಂಗುರ. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಅವರಿಗೇ ಸಿಕ್ಕಿತು. ಪೇಟೆಂಟ್ ಮಾಡಿಕೊಳ್ಳಲಿಲ್ಲ.

ನನಗೆ ಅದಕ್ಕಿಂತ ಆಶ್ಚರ್ಯ ಇನ್ನೊಬ್ಬರದ್ದು. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ, ಕೈಯೂರಿ ಬೀಳುವ ಅಜ್ಜಿಯಂದಿರ ಮಣಿಗಂಟು ಮುರಿಯುವುದು ಉಂಟಲ್ಲ, ಕೈ ಊಟದ ಫೋರ್ಕಿನ ಹಾಗೆ ಬಾಗುವುದು? ಅದನ್ನು ಡಬ್ಲಿನ್‌ನ ಅಬ್ರಹಾಂ ಕೋಲಿಸ್ ವಿವರವಾಗಿ ಬರೆದದ್ದು 1814ರಲ್ಲಿ. ರಾಂಟ್ಜನ್‌ಗಿಂತ 81 ವರ್ಷ ಮೊದಲು. ಯಾವ ನೆರಳೂ ಇಲ್ಲದೆ, ಬರೀ ಬೆರಳಿನಿಂದ ಮುಟ್ಟಿ. ಅವರ ಹೆಸರಿನಲ್ಲೇ ಈಗಲೂ ಆ ಮುರಿತವನ್ನು ಕರೆಯುತ್ತೇವೆ. ಎಲುಬು ಕಟ್ಟುವ ನಾಟಿ ವೈದ್ಯರ ಬಗ್ಗೆ ನಮ್ಮವರು ತಮಾಷೆ ಮಾಡುವಾಗ ನನಗೆ ಕೋಲಿಸ್ ನೆನಪಾಗುತ್ತಾರೆ. ಅವರೆಲ್ಲ ಸರಿ ಅಂತ ಹೇಳುತ್ತಿಲ್ಲ. ಬಿಗಿಯಾಗಿ ಕಟ್ಟಿ ಬೆರಳು ಕಪ್ಪಾಗಿ ಬಂದವರನ್ನೂ ನೋಡಿದ್ದೇನೆ. ಆದರೆ ಮುಟ್ಟುವುದನ್ನು ಅವರು ಬಿಟ್ಟಿಲ್ಲ. ಒಮ್ಮೆ ಒಬ್ಬರು "ಪುತ್ತೂರು ಕಟ್ಟು ಹಾಕಿಸಲು ಹೋಗ್ತೇನೆ" ಅಂದಾಗ ನಾನು ನಮ್ಮ ಪಕ್ಕದ ಪುತ್ತೂರು ಅಂದುಕೊಂಡು "ಅಲ್ಲಿ ಯಾರು?" ಅಂತ ಕೇಳಿದ್ದೆ. ಅವರು ಹೇಳಿದ್ದು ಆಂಧ್ರದ ಪುತ್ತೂರು. ಎಲುಬು ಕಟ್ಟಲಿಕ್ಕೆ ಹೆಸರಾದ ಊರು ಅದು. ಮುರಿದ ಕೈಯಲ್ಲಿ ಅಷ್ಟು ದೂರ.

*

ನೆರಳಿನಲ್ಲಿ ಇಲ್ಲದ್ದನ್ನು ಓದುವುದು ಇನ್ನೂ ಕಷ್ಟ.

ಮಣಿಗಂಟಿನಲ್ಲಿ ಸ್ಕಾಫಾಯ್ಡ್ ಅಂತ ಗೇರುಬೀಜದ ಹಾಗಿರುವ ಒಂದು ಎಲುಬು ಉಂಟು. ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದೆ ನೋಡಿ. ನಮ್ಮ ಅಜ್ಜ ನಶ್ಯ ಹಾಕಿಕೊಳ್ಳುತ್ತಿದ್ದದ್ದು ಅದೇ ಗುಳಿಯಲ್ಲಿ. ಡಾಕ್ಟರುಗಳ ಭಾಷೆಯಲ್ಲೂ ಅದರ ಹೆಸರು ನಶ್ಯದ ಡಬ್ಬಿ ಅಂತಲೇ. ಕೈಯೂರಿ ಬಿದ್ದವರಿಗೆ ಆ ಗುಳಿಯಲ್ಲಿ ಒತ್ತಿದಾಗ ನೋವಾದರೆ, ಫಿಲ್ಮು ಎಷ್ಟೇ ಚೊಕ್ಕ ಇದ್ದರೂ ನಂಬಬಾರದು. ಮೊದಲ ದಿನ ಬಿರುಕು ಕೂದಲೆಳೆಗಿಂತ ಸಪೂರ, ಕಾಣುವುದೇ ಇಲ್ಲ. 10ರಿಂದ 14 ದಿನ ಕಳೆದ ಮೇಲೆ ಬಿರುಕಿನ ಅಂಚು ಸ್ವಲ್ಪ ಕರಗಿ ಗೆರೆ ಮೂಡುತ್ತದೆ. ಅಷ್ಟು ದಿನ ಕಟ್ಟು ಹಾಕಿ ಕಾಯಬೇಕು. ಈ ಎಲುಬಿಗೆ ರಕ್ತ ಬರುವುದು ಬೆರಳಿನ ಕಡೆಯಿಂದ ಹಿಂದಕ್ಕೆ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡು ತೋಡಿನ ಕೊನೆಯ ಗದ್ದೆಯ ಹಾಗೆ, ನೀರಿಲ್ಲದೆ ಒಣಗುತ್ತದೆ.

ಇದನ್ನು ರೋಗಿಗೆ ಹೇಳುವುದೇ ದೊಡ್ಡ ಕೆಲಸ. "ಫೋಟೋದಲ್ಲಿ ಎಂತದೂ ಇಲ್ಲ ಅಂತ ನೀವೇ ಹೇಳಿದ್ದಲ್ವಾ? ಮತ್ತೆ ಪ್ಲಾಸ್ಟರ್ ಎಂತಕ್ಕೆ?" ಅಂತ ಜಗಳಕ್ಕೇ ಬಂದವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೇ ತಪ್ಪು ಮಾತು ಕಲಿತಿದ್ದೆ. ಈಗ "ಎಂತದೂ ಇಲ್ಲ" ಅನ್ನುವುದಿಲ್ಲ. "ಇವತ್ತು ಕಾಣುತ್ತಾ ಇಲ್ಲ" ಅನ್ನುತ್ತೇನೆ.

ಮೊಣಕೈಯಲ್ಲಿ ಇನ್ನೊಂದು ಚೋದ್ಯ. ಕೆಲವು ಸಲ ಮುರಿತ ಕಾಣುವುದಿಲ್ಲ, ಆದರೆ ಎಲುಬಿನ ಹಿಂದೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಅದು ಕೊಬ್ಬು. ಕೈ ಮಡಚಿದಾಗ ಹಿಂದಿನ ಗುಳಿಯಲ್ಲಿ ಅಡಗಿ ಕೂತಿರಬೇಕಾದದ್ದು. ಗಂಟಿನೊಳಗೆ ರಕ್ತ ತುಂಬಿ ಅದನ್ನು ಹೊರಗೆ ತಳ್ಳಿದೆ. ತೋಟದಲ್ಲಿ ಹೆಗ್ಗಣ ಕಾಣದಿದ್ದರೂ ಮಣ್ಣು ಉಬ್ಬಿದ್ದು ನೋಡಿ ಇದೆ ಅಂತ ಹೇಳುತ್ತೇವಲ್ಲ, ಅದೇ ಲೆಕ್ಕ. ಪೆಟ್ಟಾದವರಲ್ಲಿ ಹಿಂದಿನ ಕೊಬ್ಬು ಕಂಡಿತು ಅಂದರೆ, ಮಕ್ಕಳಾದರೆ ಮೊಣಕೈಗಿಂತ ಸ್ವಲ್ಪ ಮೇಲೆ, ದೊಡ್ಡವರಾದರೆ ಮುಂಗೈಯ ರೇಡಿಯಸ್ ಎಲುಬಿನ ತಲೆಯಲ್ಲಿ ಮುರಿತ ಇದೆ ಅಂತಲೇ ಹಿಡಿಯಬೇಕು.

ಮಕ್ಕಳ ಮೊಣಕೈ ನನ್ನ ಮಾನ ಕಳೆದದ್ದೂ ಉಂಟು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಶಾಲೆಯ ಜಗಲಿಯಿಂದ ಬಿದ್ದ ಹುಡುಗ. ಫಿಲ್ಮಿನಲ್ಲಿ ಎಲುಬಿನ ಬದಿಗೆ ಬೇರೆಯಾಗಿ ಒಂದು ಚೂರು. ಮುರಿದಿದೆ ಅಂತ ಪ್ಲಾಸ್ಟರ್ ಬರೆದೆ. ಎಕ್ಸ್‌ರೇ ಅಣ್ಣ ಏನೂ ಹೇಳದೆ ಇನ್ನೊಂದು ಕೈಯನ್ನೂ ತೆಗೆದು ಪಕ್ಕದಲ್ಲಿ ಸಿಕ್ಕಿಸಿದರು. ಅಲ್ಲೂ ಅದೇ ಚೂರು, ಅದೇ ಜಾಗದಲ್ಲಿ. ಮಕ್ಕಳ ಮೊಣಕೈಯಲ್ಲಿ ಆರು ಕಡೆ ಎಲುಬು ಬೇರೆ ಬೇರೆಯಾಗಿ ಮೊಳೆಯುತ್ತದೆ. ಸುಮಾರು 1, 3, 5, 7, 9, 11ನೇ ವಯಸ್ಸಿಗೆ ಒಂದೊಂದಾಗಿ. ಮೊದಲು ನಾನು ಇದನ್ನು ಸುಮ್ನೆ ಬಾಯಿಪಾಠ ಅಂದುಕೊಂಡಿದ್ದೆ. ಅಲ್ಲ. ಒಳಬದಿಯ ಗುಬ್ಬಿ, ಅಂದರೆ ಎಲುಬಿನ ಉಬ್ಬು, 5ರ ಹೊತ್ತಿಗೆ ಮೂಡುತ್ತದೆ, ಅದರ ಪಕ್ಕದ ರಾಟೆಯಂಥ ಭಾಗ ಟ್ರೋಕ್ಲಿಯ 7ರ ಹೊತ್ತಿಗೆ. ಹಾಗಾಗಿ ಫಿಲ್ಮಿನಲ್ಲಿ ಟ್ರೋಕ್ಲಿಯ ಇದ್ದು ಒಳಬದಿಯ ಗುಬ್ಬಿ ಇಲ್ಲ ಅಂತಾದರೆ ಜಾಗ್ರತೆ. ಟ್ರೋಕ್ಲಿಯ ಅಂತ ಕಾಣುತ್ತಿರುವುದು ಕಿತ್ತುಹೋಗಿ ಗಂಟಿನೊಳಗೆ ಸಿಕ್ಕಿಬಿದ್ದ ಆ ಗುಬ್ಬಿಯೇ ಇರಬಹುದು. ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇದ್ದರೆ ಅಲ್ಲಿ ಕೂತವರು ಎಲ್ಲಿ ಎದ್ದುಹೋದರು ಅಂತ ಕೇಳಬೇಕಲ್ಲ.

*

ಇಲ್ಲಿ ರೋಗಿಗಳು ಬರುವುದು ಮೂರ್ನಾಲ್ಕು ಭಾಷೆಯಲ್ಲಿ. ಎಲುಬಿನ ವಿಷಯದಲ್ಲಿ ಮಾತ್ರ ಜಗಳ ಇಲ್ಲ. ತುಳುವಿನಲ್ಲಿ ಎಲು, ಮಲಯಾಳದಲ್ಲಿ ಎಲ್ಲ್, ನಮ್ಮದು ಎಲುಬು. ಆದರೆ ಒಂದು ಮಲಯಾಳ ಶಬ್ದ ಎಲ್ಲರ ಬಾಯಲ್ಲೂ ಕೂತಿದೆ: ತೇಯ್ಮಾನ. ಸವೆತ. ಐವತ್ತು ದಾಟಿದ ಯಾರ ಮೊಣಗಂಟಿನ ಫಿಲ್ಮು ನೋಡಿದರೂ ಯಾರೋ ಒಬ್ಬರು "ತೇಯ್ಮಾನ, ಗ್ಯಾಪ್ ಇಲ್ಲ" ಅಂತ ಹೇಳಿ ಕಳಿಸಿರುತ್ತಾರೆ. ಅಷ್ಟು ಕೇಳಿದ ಮೇಲೆ ಜನ ನಡೆಯುವುದನ್ನೇ ಬಿಡುತ್ತಾರೆ, ಇನ್ನೂ ಸವೆದೀತು ಅಂತ.

ಆ ಗ್ಯಾಪ್ ಖಾಲಿ ಜಾಗ ಅಲ್ಲ. ಎರಡು ಎಲುಬಿನ ತುದಿಗೂ ಕಾರ್ಟಿಲೇಜ್ ಎಂಬ ನುಣುಪಾದ ಹೊದಿಕೆ ಉಂಟು. ಎಕ್ಸ್‌ರೇ ಕಿರಣಕ್ಕೆ ಅದು ಕಾಣುವುದಿಲ್ಲ. ಎಲುಬುಗಳ ನಡುವೆ ಎಷ್ಟು ದೂರ ಉಳಿದಿದೆ ಅಂತ ನೋಡಿ ಹೊದಿಕೆ ಎಷ್ಟು ದಪ್ಪ ಇದ್ದೀತು ಅಂತ ಅಂದಾಜು ಮಾಡುವುದು, ಅಷ್ಟೆ. ಹಾಗಾಗಿ ಮಂಚದ ಮೇಲೆ ಮಲಗಿಸಿ ತೆಗೆದ ಮೊಣಗಂಟಿನ ಫಿಲ್ಮು ನನಗೆ ಆಗಿಬರುವುದಿಲ್ಲ. ನಿಂತು, ಭಾರ ಹಾಕಿ ತೆಗೆಸಬೇಕು. ಆಗಲೇ ಗ್ಯಾಪಿನ ನಿಜ ಗೊತ್ತಾಗುವುದು. ಸವೆತ ಆದರೆ ಗ್ಯಾಪ್ ಒಂದು ಬದಿಯಲ್ಲಿ ಜಾಸ್ತಿ ಕಿರಿದಾಗುತ್ತದೆ, ಅಂಚಿನಲ್ಲಿ ಕೊಕ್ಕಿನ ಹಾಗೆ ಎಲುಬು ಬೆಳೆಯುತ್ತದೆ, ಉಜ್ಜುವಲ್ಲಿ ಎಲುಬು ಇನ್ನೂ ಬಿಳಿಯಾಗುತ್ತದೆ. ಆಮವಾತದ್ದು ಬೇರೆ ಗುಣ. ಅಲ್ಲಿ ಗ್ಯಾಪ್ ಎಲ್ಲ ಕಡೆ ಸಮವಾಗಿ ಇಳಿಯುತ್ತದೆ, ಗಂಟಿನ ಹತ್ತಿರದ ಎಲುಬು ಬಿಳಿಚುವುದು ಬಿಟ್ಟು ಮಂಕಾಗುತ್ತದೆ, ಅಂಚುಗಳನ್ನು ಇಲಿ ಕಡಿದ ಹಾಗೆ. ಯೂರಿಕ್ ಆಸಿಡ್ ಜಾಸ್ತಿಯಾಗಿ ಬರುವ ಗೌಟಿನಲ್ಲೂ ಕಡಿದ ಗುರುತು ಇರುತ್ತದೆ, ಆದರೆ ಅದು ಚೊಕ್ಕ ಕೊರೆದ ಹಾಗೆ, ಮೇಲೆ ಒಂದು ಅಂಚು ಸೂರಿನಂತೆ ಚಾಚಿಕೊಂಡು. ಅಷ್ಟು ಕಾಣಲು ವರ್ಷಗಟ್ಟಲೆ ಬೇಕು.

ಸವೆತಕ್ಕೆ ಸೊನ್ನೆಯಿಂದ 4ರವರೆಗೆ ಮಾರ್ಕು ಕೊಡುವ ಪದ್ಧತಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ಮಾಡಿದ್ದು. ಈಗಲೂ ಅದೇ. ನಾನೂ ಬರೆಯುತ್ತೇನೆ. ಆದರೆ ಆ ಮಾರ್ಕಿಗೂ ನೋವಿಗೂ ನೆಂಟಸ್ತಿಕೆ ತುಂಬಾ ದೂರದ್ದು. ಯಕ್ಷಗಾನ ಮೇಳದಲ್ಲಿ ಪುಂಡುವೇಷ ಮಾಡುವ ಒಬ್ಬ ಕಲಾವಿದರು ಪ್ರತಿ ವರ್ಷ, ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಹತ್ತಿರ ಬರುತ್ತಾರೆ. ಆರು ತಿಂಗಳು ರಾತ್ರಿಯಿಡೀ ಧೀಂಗಿಣ ಹಾರಿದ ಮೊಣಗಂಟು. ಫಿಲ್ಮು ನೋಡಿದರೆ ಮಾರ್ಕು 3, ಒಂದು ಕಾಲಿಗೆ 4 ಕೊಟ್ಟರೂ ತಪ್ಪಲ್ಲ. "ನೋವು?" ಅಂತ ಕೇಳಿದರೆ "ಚೆಂಡೆ ಕೇಳಿದರೆ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಅದೇ ವಾರ ಒಬ್ಬರು ಟೀಚರ್ ಬಂದಿದ್ದರು. ಫಿಲ್ಮು ಪುಸ್ತಕದಲ್ಲಿ ಅಚ್ಚು ಹಾಕಬಹುದು, ಅಷ್ಟು ಚೊಕ್ಕ. ಅವರಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಯಾರ ಫಿಲ್ಮಿಗೆ ಮದ್ದು ಕೊಡುವುದು?

ಹಾಗಂತ ಎಕ್ಸ್‌ರೇ ಬೇಡವೇ ಬೇಡ ಅಂದರೂ ಜನ ಒಪ್ಪುವುದಿಲ್ಲ. ಕಾಲು ಉಳುಕಿದವರು ಬಂದು ಮೊದಲೇ "ಒಂದು ಫೋಟೋ ತೆಗೆಯುವ" ಅನ್ನುತ್ತಾರೆ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಇದಕ್ಕೊಂದು ಕ್ರಮ ಬರೆದರು. ಕಾಲುಗಂಟಿನ ಎರಡು ಬದಿಯ ಗುಬ್ಬಿಗಳ ಹಿಂದಿನ ಅಂಚಿನಲ್ಲಿ, ಕೆಳಗಿನ 6 ಸೆಂಟಿಮೀಟರ್ ಒಳಗೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ನಡೆಯಲಾಗುತ್ತದೆ ಅಂತಾದರೆ ಗಂಟಿನ ಎಕ್ಸ್‌ರೇ ಬೇಡ. ಪಾದಕ್ಕೂ ಇಂಥದ್ದೇ ಎರಡು ಜಾಗ ಉಂಟು. ಕ್ಲಿನಿಕ್‌ನಲ್ಲಿ ನಾಲ್ಕು ಹೆಜ್ಜೆ ನಡೆಸಿ, ಒತ್ತಿ ನೋಡಿ, ಬೇಡ ಅಂದರೆ ಕೆಲವರ ಮುಖ ಬಾಡುತ್ತದೆ. ಡಾಕ್ಟ್ರು ಏನೂ ಮಾಡಲಿಲ್ಲ ಅಂತ.

ಈಗೀಗ ಫಿಲ್ಮು ಬರುವುದು ವಾಟ್ಸಾಪಿನಲ್ಲಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಇದು ಜೋರಾಯಿತು. ನಮ್ಮವರ ದೊಡ್ಡ ಆಸ್ಪತ್ರೆಗಳೆಲ್ಲ ಆಚೆ ಮಂಗಳೂರಿನಲ್ಲಿ. ಸ್ಕ್ಯಾನ್ ದೂರದ ಮಾತು, ಕೈಯಲ್ಲಿ ಇದ್ದದ್ದು ಊರಿನ ಹಳೇ ಎಕ್ಸ್‌ರೇ ಮೆಷಿನು ಮತ್ತು ಫೋನು. ಆ ವಾರಗಳಲ್ಲಿ ನಾನು ನೋಡಿದಷ್ಟು ಬರೀ ಫಿಲ್ಮು ಹೌಸ್ ಸರ್ಜನ್ ಆಗಿದ್ದಾಗಲೂ ನೋಡಿರಲಿಲ್ಲ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೋ, ಕಿಟಕಿಯ ಸರಳಿನ ನೆರಳು ಕಾಲಿನ ಎಲುಬಿನ ಮೇಲೆ ಬಿದ್ದು ನಾಲ್ಕು ಮುರಿತ. ಎಡ ಬಲ ಗುರುತಿಸುವ ಅಕ್ಷರ ಇರುವ ಮೂಲೆಯನ್ನೇ ಕತ್ತರಿಸಿ ಕಳಿಸುತ್ತಾರೆ. "ಯಾವ ಕಾಲು?" ಅಂತ ಕೇಳಿದರೆ "ನೋವಿರುವ ಕಾಲು" ಅಂತ ಉತ್ತರ.

ಒಂದು ಅಡ್ಡಮಾತು. ಅದಕ್ಕೆ ಮೂರು ತಿಂಗಳ ಹಿಂದೆ, 2019ರ ಡಿಸೆಂಬರ್ 26ಕ್ಕೆ, ಕಂಕಣ ಸೂರ್ಯಗ್ರಹಣ. ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಹಿಂದಿನ ದಿನ ನನ್ನ ಕ್ಲಿನಿಕ್‌ಗೂ ಸಾಲು. ಹಳೇ ಎಕ್ಸ್‌ರೇ ಫಿಲ್ಮು ಉಂಟಾ ಅಂತ. ಇಲ್ಲ ಅಂದೆ. ಇತ್ತು, ಕಪಾಟು ತುಂಬ. ಫಿಲ್ಮು ಕಣ್ಣಿಗೆ ಕಾಣುವ ಬೆಳಕನ್ನು ಮಂಕು ಮಾಡುತ್ತದೆ, ಕಾಣದ ಶಾಖದ ಕಿರಣವನ್ನು ಬಿಟ್ಟುಕೊಡುತ್ತದೆ. ಕಣ್ಣಿನ ಪರದೆ ಸುಡುವುದು ನೋವಿಲ್ಲದೆ ಆಗುತ್ತದೆ. ಒಬ್ಬರು ಅಜ್ಜ ಮಾತ್ರ ತಮ್ಮದೇ ಸೊಂಟದ ಫಿಲ್ಮು ಚೀಲದಿಂದ ತೆಗೆದು "ಇದು ನನ್ನದೇ ಅಲ್ವಾ, ನೋಡಬಹುದಲ್ವಾ" ಅಂತ ವಾದ ಮಾಡಿದರು.

ಬೆನ್ನಿನ ಫಿಲ್ಮನ್ನು ನಾನು ಈಗ ಹೇಗೆ ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ಬದಿಯಿಂದ ತೆಗೆದದ್ದರಲ್ಲಿ ಕಶೇರುಗಳು ಬೆಲ್ಲದ ಅಚ್ಚು ಒಂದರ ಮೇಲೊಂದು ಇಟ್ಟ ಹಾಗೆ. ಯಾವುದಾದರೂ ಮುಂದುಗಡೆ ಗಿಡ್ಡವಾಗಿದೆಯಾ ಅಂತ ನೋಡುವುದು. ಎದುರಿನಿಂದ ತೆಗೆದದ್ದರಲ್ಲಿ ಪ್ರತಿ ಕಶೇರೂ ಒಂದು ಗೂಬೆಯ ಮುಖ. ಎರಡು ಕಣ್ಣು, ನಡುವೆ ಕೊಕ್ಕು. ಮೇಲಿಂದ ಕೆಳಗೆ ಎಣಿಸುತ್ತಾ ಬರುವುದು. ಎರಡು ಕಣ್ಣಿನ ನಡುವಿನ ದೂರ ಒಂದರಲ್ಲಿ ಮಾತ್ರ ಜಾಸ್ತಿಯಾಗಿದ್ದರೆ ಆ ಕಶೇರು ಒಡೆದು ಹರಡಿದೆ. ಒಂದು ಕಣ್ಣು ಮುಚ್ಚಿದ್ದರೆ ಅದು ಬಿದ್ದ ಪೆಟ್ಟಲ್ಲ, ಬೇರೆ ಎಲ್ಲಿಂದಲೋ ಕ್ಯಾನ್ಸರ್ ಬಂದು ತಿಂದಿರಬಹುದು. ಎಲುಬು ತೆಳುವಾಗಿದೆಯಾ ಅಂತ ಫಿಲ್ಮಿನಲ್ಲಿ ಹುಡುಕುವುದು ಮಾತ್ರ ತಡವಾದ ಕೆಲಸ. ಸುಣ್ಣದ ಅಂಶ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೋಗುವವರೆಗೆ ನೆರಳಿಗೆ ಗೊತ್ತಾಗುವುದೇ ಇಲ್ಲ.

*

ಬಿದ್ದವರು ಮರು ವರ್ಷ ಮಳೆಗಾಲಕ್ಕೆ ಮೊದಲು ಕ್ಲಿನಿಕ್‌ಗೆ ಬಂದರು. ಸ್ವಲ್ಪ ಕುಂಟುತ್ತಾರೆ. ಉಬ್ಬುತಗ್ಗಿನ ನೆಲದಲ್ಲಿ ಹಿಮ್ಮಡಿ ಈಗಲೂ ನೋಯುತ್ತದೆ. ಮರ ಹತ್ತುವುದು ಬಿಟ್ಟಿದ್ದಾರೆ. ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಅಡಕೆ ಕೊನೆ ತೆಗೆಯುತ್ತಾರೆ, ಮದ್ದು ಬಿಡುವುದೂ ಅದರಲ್ಲೇ. ಅಂಗಿಯ ತೋಳಲ್ಲಿ ಅದೇ ನೀಲಿ.

"ಈಗ ಕುತ್ತಿಗೆ ಡಾಕ್ಟ್ರೇ. ದಿನವಿಡೀ ಮೇಲೆ ನೋಡಿ ನೋಡಿ. ಒಂದು ಫೋಟೋ ತೆಗೆಯುವನಾ?"

ಕೈ ಜೋಮು ಹಿಡಿಯುತ್ತದಾ, ಹಿಡಿತ ಕಮ್ಮಿಯಾಗಿದೆಯಾ, ರಾತ್ರಿ ನೋವಿಗೆ ಎಚ್ಚರವಾಗುತ್ತದಾ ಅಂತ ಕೇಳಿದೆ. ಯಾವುದೂ ಇಲ್ಲ. ಫೋಟೋ ಬೇಡ ಅಂದೆ. ಮುಖ ಬಾಡಿತು. ಅಂಗಿ ತೆಗೆದು ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂರಲು ಹೇಳಿದೆ. ಕುತ್ತಿಗೆಯ ಬುಡದಿಂದ ಒಂದೊಂದೇ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಾ ಕೆಳಗೆ ಬಂದೆ. ಎದೆಯ ಹಿಂದೆ, ಪಕ್ಕೆಲುಬು ಮುಗಿಯುವಲ್ಲಿ, ಸೊಂಟ ಶುರುವಾಗುವಲ್ಲಿ.

"ಅಲ್ಲಿ ಅಲ್ಲ ಡಾಕ್ಟ್ರೇ" ಅಂದರು ಅವರು, "ನೋವು ಮೇಲೆ."

"ಗೊತ್ತುಂಟು" ಅಂದೆ. ಇನ್ನೆರಡು ಎಲುಬು ಬಾಕಿ ಇತ್ತು.